ನೆನೆವ ಹಗ್ಗ, ಬಲ್ಲ ಬೆರಳು

ಹೇಮಂತದಲ್ಲಿ ಸುಮಾರು 1,430 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿ, ಗ್ರೀಷ್ಮದಲ್ಲಿ ತುಂಗೆಯ ಮಳಲದಂಡೆ, ವರ್ಷಾಕಾಲವು ಹಿಂದೆಗೆಯುತ್ತಿರುವಾಗ ಕೊಡಗಿನ ಯಾವುದಾದರೊಂದು ಕಾಫಿತೋಟದ ಅಂಚು, ಹೀಗೆ ಋತುಗಳನ್ನನುಸರಿಸಿ ಗುಡಾರ ಹೊತ್ತು ಹೊರಡುವ ನನ್ನ ಮಿತ್ರ ದಂಪತಿಗಳ ಕೌಶಲವನ್ನು ಕಣ್ಣಾರೆ ಕಂಡು ನಾನು ವಿಸ್ಮಿತನಾಗಿದ್ದೇನೆ.

ಗೂಟದ ತಲೆ ಗುಡಾರಕ್ಕೆ ವಿಮುಖವಾಗಿ ಬಾಗುವಂತೆ ಅದನ್ನು ಓರೆಯಾಗಿ ನೆಲಕ್ಕಿಳಿಸುವುದೂ, ಮಳಲಿನಲ್ಲಿ ಗೂಟ ನಿಲ್ಲದೆಂದು ಮಳಲು ತುಂಬಿದ ಚೀಲಕ್ಕೆ ಹಗ್ಗ ಬಿಗಿದು ಹೂಳುವುದೂ ಮಿತ್ರರ ಪಾಲಿನ ಕೆಲಸ. ಅವರ ಪತ್ನಿಯದು ಇನ್ನೂ ಸೂಕ್ಷ್ಮವಾದದ್ದು. ಮುಸ್ಸಂಜೆಯಲ್ಲಿ ಮೋಡ ಕವಿದೊಡನೆ, ಬಿಗಿದ ಹಗ್ಗಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ, ವೀಣೆಯ ಶ್ರುತಿ ಇಳಿಸುವವರಂತೆ ತುಸುತುಸುವೇ ಸಡಿಲಿಸುತ್ತಾರೆ. ನಾರಿನ ಹಗ್ಗವು ನೆನೆದರೆ ಕುಗ್ಗಿ ಗೂಟವನ್ನೇ ಕಿತ್ತೀತೆಂಬುದನ್ನು ಆ ಬೆರಳುಗಳು ಬಲ್ಲವು. ಹತ್ತಿಯ ಕ್ಯಾನ್ವಾಸಿನ ನೂಲುಗಳೋ, ನೀರುಂಡು ಉಬ್ಬಿ, ತಮ್ಮ ನಡುವಣ ರಂಧ್ರಗಳನ್ನು ತಾವೇ ಮುಚ್ಚಿಕೊಳ್ಳುತ್ತವೆ. ಎಂತಹ ಸೊಗಸಾದ ವ್ಯವಸ್ಥೆ! ಆದರೆ ಒಳಗಿನಿಂದ ಮೈ ತಾಗಿದರೆ ಸಾಕು, ಆ ಜಾಗದಲ್ಲಿ ಹನಿ ಜಿನುಗತೊಡಗುತ್ತದೆ. ಒಂದು ಇರುಳು ನನ್ನ ಭುಜ ತಗುಲಿ ಹಾಗಾದಾಗ, “ಇರಲಿ ಬಿಡಿ” ಎನ್ನುತ್ತ ಆಕೆ ಆ ಬಿಂದುವಿನಿಂದ ಕೆಳಗಿನ ಅಂಚಿನವರೆಗೆ ಮೆಲ್ಲನೆ ಬೆರಳೆಳೆದರು. ಹನಿ ಆ ಗೆರೆಯನ್ನೇ ಹಿಡಿದು, ಸದ್ದಿಲ್ಲದೆ ಬದಿಗಿಳಿಯಿತು.