ಮುಗಿಯುವ ಕೊಲೆ, ಮುಗಿಯದ ಯುದ್ಧ: ‘ರೋಸಿ ವಿಂಟರ್’ ಕಾದಂಬರಿ ಮಾಲೆ

ಒಂದೇ ಒಂದು ಸಾವಿಗೂ ಕಾರಣ ತಿಳಿಯಬೇಕೆಂಬುದು ಪತ್ತೇದಾರಿ ಕಾದಂಬರಿಯ ಮೂಲ ನಂಬಿಕೆ. ಸಾವಿರಾರು ಸಾವುಗಳು ಬರಿಯ ವಾರ್ತೆಗಳಾಗುವ ಯುದ್ಧಕಾಲದಲ್ಲಿ ಈ ನಂಬಿಕೆಯ ಗತಿಯೇನು? ಅಮೆರಿಕದ ಲೇಖಕಿ ಕ್ಯಾಥರಿನ್ ಮಿಲ್ಲರ್ ಹೇನ್ಸ್ ಅವರು 2007ರಿಂದ 2010ರ ಅವಧಿಯಲ್ಲಿ ಪ್ರಕಟಿಸಿದ ‘ರೋಸಿ ವಿಂಟರ್’ ಮಾಲೆಯ ನಾಲ್ಕು ಕಾದಂಬರಿಗಳನ್ನು ನಾವು ಈ ಪ್ರಶ್ನೆಯೊಡನೆ ಪರಿಶೀಲಿಸಬಯಸುತ್ತೇವೆ.

ಮಾಲೆಯ ಆರಂಭ 1943ರ ನ್ಯೂಯಾರ್ಕಿನಲ್ಲಿ. ರೋಸಿ ಅವಕಾಶವಂಚಿತ ನಟಿ. ಜೀವನೋಪಾಯಕ್ಕಾಗಿ ಖಾಸಗಿ ಪತ್ತೇದಾರನೊಬ್ಬನ ಕಚೇರಿಯಲ್ಲಿ ದುಡಿಯುತ್ತಾಳೆ. ಮೊದಲ ಕಾದಂಬರಿಯಲ್ಲಿ ಆ ಪತ್ತೇದಾರನೇ ಶವವಾಗಿ ದೊರೆಯುತ್ತಾನೆ; ಕಾಣೆಯಾದ ನಾಟಕವೊಂದರ ಹಸ್ತಪ್ರತಿ ಕಥೆಯ ಕೇಂದ್ರಕ್ಕೆ ಬರುತ್ತದೆ. ಎರಡನೆಯದರಲ್ಲಿ ನಟಿಯೊಬ್ಬಳ ಕೊಲೆಯ ಆರೋಪ ರೋಸಿಯ ಸ್ನೇಹಿತನ ಮೇಲೆ ಬರುತ್ತದೆ. ವೇಷ ಧರಿಸುವುದು, ವೇಷವನ್ನು ಗುರುತಿಸುವುದು ಇವೆರಡೂ ನಟಿಗೆ ಸಹಜವಾದುದರಿಂದ ರಂಗಭೂಮಿ ಇಲ್ಲಿ ಹಿನ್ನೆಲೆಯ ಪರದೆಯಾಗದೆ ಶೋಧನೆಯ ಸಾಧನವೇ ಆಗಿದೆ.

ಆದರೆ ಮಾಲೆಯನ್ನು ಹಿಡಿದಿಟ್ಟಿರುವುದು ಕೊಲೆಯ ರಹಸ್ಯವಲ್ಲ. ಯುದ್ಧಕ್ಕೆ ಹೋದ ಹಳೆಯ ಪ್ರಿಯಕರ ಜ್ಯಾಕ್‌ನ ಅನುಪಸ್ಥಿತಿ ಎಂಬುದು ನಮ್ಮ ಅಭಿಪ್ರಾಯ. ‘ವಿಂಟರ್ ಇನ್ ಜೂನ್’ (2009) ಕೃತಿಯಲ್ಲಿ ಸೈನಿಕರನ್ನು ರಂಜಿಸುವ ತಂಡದೊಡನೆ ರೋಸಿ ದಕ್ಷಿಣ ಪೆಸಿಫಿಕ್‌ಗೆ ತೆರಳುವುದರ ಹಿಂದೆ ಕಾಣೆಯಾದ ಅವನ ಸುಳಿವು ಸಿಕ್ಕೀತೆಂಬ ಆಸೆಯಿದೆ. ಕೊಲೆಯ ಪ್ರಶ್ನೆ ಆಯಾ ಪುಸ್ತಕದೊಳಗೇ ಮುಗಿಯುತ್ತದೆ. ಯುದ್ಧ ಒಡ್ಡಿದ ಪ್ರಶ್ನೆ ಮುಂದಿನ ಪುಸ್ತಕಕ್ಕೆ ದಾಟುತ್ತದೆ.

ಕಾಲದ ವಿವರಗಳು ಕೆಲವೆಡೆ ಅಲಂಕಾರವಾಗಿಯೇ ಉಳಿದಿವೆ ಎಂಬ ಆಕ್ಷೇಪಕ್ಕೆ ಅವಕಾಶವಿದೆ. ಆದರೂ ಅಪರಾಧಿ ಸಿಕ್ಕೊಡನೆ ಲೋಕ ನೆಮ್ಮದಿಗೆ ಮರಳುತ್ತದೆಂಬ ಪತ್ತೇದಾರಿ ಪ್ರಕಾರದ ಸುಲಭ ಸಮಾಧಾನವನ್ನು ಈ ಮಾಲೆ ತನ್ನ ರಚನೆಯಿಂದಲೇ ಶಂಕಿಸುತ್ತದೆ. ಜನಪ್ರಿಯ ಸಾಹಿತ್ಯವೆಂದು ಇದನ್ನು ಬದಿಗಿಡಲಾಗದೆಂಬುದಕ್ಕೆ ಈ ಶಂಕೆಯೇ ಸಾಕಷ್ಟು ಕಾರಣ.