ಪೊಟ್ಟಣದ ಲಿಪಿ, ಬೋರ್ಡಿನ ರೂವಾರಿ

ಶಾಸನಾಸಕ್ತರ ನಡುವೆ ಕೂತು "ನಮ್ಮನೆ ವಿಜಯನಗರ" ಅಂದರೆ ಎಲ್ಲರೂ ತಕ್ಷಣ ಹಂಪಿ, ಹರಿಹರ, ಬುಕ್ಕ ಅಂತ ಶುರು ಮಾಡ್ತಾರೆ. ಅಲ್ಲ ಸ್ವಾಮಿ, ನಮ್ಮದು ಮೈಸೂರಿನ ವಿಜಯನಗರ. ಹಿನಕಲ್ ಪಕ್ಕದ ಬಡಾವಣೆ. ಇಲ್ಲಿ ಓದಲಿಕ್ಕೆ ಏನೂ ಇಲ್ಲ ಅಂತ ಇಷ್ಟು ವರ್ಷ ನಂಬಿಕೊಂಡು, ಭಾನುವಾರ ಬಂತೆಂದರೆ ಬೈಕ್ ಹತ್ತಿ ತಲಕಾಡು, ಸೋಮನಾಥಪುರದ ಕಡೆ ಹೋಗುತ್ತಿದ್ದವನು ನಾನು.

ನಮ್ಮ ಮನೆಯಿಂದ ಮೂರನೇ ಮನೆಯಲ್ಲಿ ಒಬ್ಬಳು ಗ್ರಾಫಿಕ್ ಡಿಸೈನರ್ ಇದ್ದಾಳೆ. ಕಾವಾದಲ್ಲಿ ಓದಿದವಳು, ಈಗ ಮನೆಯಲ್ಲೇ ಕೂತು ಸಣ್ಣ ಸಣ್ಣ ತಯಾರಕರಿಗೆ ಲೇಬಲ್ಲು, ಡಬ್ಬಿ ವಿನ್ಯಾಸ ಮಾಡಿಕೊಡುತ್ತಾಳೆ. ಕೆಲಸದ ಜೊತೆಗೆ ಅವಳಿಗೊಂದು ಹುಚ್ಚು: ದಿನ ಬೆಳಗಾದರೆ ಕಣ್ಣಿಗೆ ಬೀಳುವ ಅಕ್ಷರಗಳನ್ನು ಕೂಡಿಡುವುದು. ಎರಡು ಬೂಟಿನ ಡಬ್ಬಿ ತುಂಬ ಊದುಬತ್ತಿ ಪ್ಯಾಕು, ಬೆಂಕಿಪೊಟ್ಟಣದ ಚೀಟಿ, ನಂಜನಗೂಡು ಹಲ್ಲುಪುಡಿಯ ಪೊಟ್ಟಣ, ದೇವರಾಜ ಮಾರುಕಟ್ಟೆಯ ಕುಂಕುಮದ ಕಾಗದ, ಕೈಯಲ್ಲಿ ಬರೆದ ದರಪಟ್ಟಿ, ಗಾಣದೆಣ್ಣೆಯ ಲೇಬಲ್ಲು. ಫೋನಿನಲ್ಲಿ ಅಂಗಡಿ ಬೋರ್ಡುಗಳ ನಾನೂರು ಚಿಲ್ಲರೆ ಫೋಟೋ. ಇವನ್ನೆಲ್ಲ ಒಂದು ಪುಸ್ತಿಕೆ ಮಾಡಬೇಕೆಂದಿದ್ದಾಳೆ. "ಅಂಕಲ್, ನೀವು ಶಾಸನ ಓದೋರು, ಇದನ್ನೂ ಓದಿ. ಹೊಗಳೋದು ಬೇಡ, ತಪ್ಪಿದ್ರೆ ಬರೀರಿ" ಅಂದಳು. ಅದಕ್ಕೇ ಇದು.

ಮೊದಲು ಅವಳಿಂದ ನಾನು ಕಲಿತದ್ದು. ಅವಳ ಡಬ್ಬಿಯಲ್ಲಿ ಮೈಸೂರು ಸ್ಯಾಂಡಲ್ ಸಾಬೂನಿನ ಮೂರು ಬಿಲ್ಲೆಗಳಿದ್ದವು: ಒಂದು ಹೊಸದು, ಒಂದು ವಾರ ಬಳಸಿದ್ದು, ಒಂದು ಸವೆದು ಚಪ್ಪಟೆಯಾದದ್ದು. 1918ರಿಂದ ಬರುತ್ತಿರುವ ಸಾಬೂನು, ಆನೆಯ ತಲೆ ಸಿಂಹದ ಮೈಯ ಶರಭದ ಗುರುತು, ಇವೆಲ್ಲ ನಮಗೆ ಗೊತ್ತು. ಅವಳು ನೋಡಿದ್ದು ಒತ್ತು ಅಕ್ಷರ ಹೇಗೆ ಸಾಯುತ್ತದೆ ಅನ್ನುವುದನ್ನು. ಮೊದಲು ತೆಳುವಾದ ಸೇರುಗೆರೆ ಹೋಗುತ್ತದೆ, ದಪ್ಪ ಕಾಂಡ ಉಳಿಯುತ್ತದೆ. ನೋಡುತ್ತಿದ್ದ ಹಾಗೆ ನನಗೆ ದೇವಸ್ಥಾನಗಳ ಮೆಟ್ಟಿಲುಕಲ್ಲುಗಳು ನೆನಪಾದವು. ಜನ ತುಳಿದು ತುಳಿದು ಸವೆದ ಸಾಲಿನಲ್ಲಿ ಪಕಾರವೋ ವಕಾರವೋ ಅಂತ ನಾವು ಜಗಳ ಆಡುವುದು ಇಂಥದೇ ಒಂದು ತೆಳು ಗೆರೆ ಹೋದದ್ದಕ್ಕೆ. ಹದಿನೈದು ವರ್ಷ ಪಡಿಯಚ್ಚು ನೋಡಿದ ನನಗೆ ಸಾಬೂನಿನಲ್ಲಿ ಅದು ಕಂಡಿರಲಿಲ್ಲ.

ಇನ್ನೊಂದು. ಒಂದು ಬೆಲ್ಲದ ಪೊಟ್ಟಣದ ಮೇಲೆ "ಅಧ೯ ಕೆ.ಜಿ." ಅಂತ ಇದೆ. ಕಣ್ಣಿಗೆ ಸರಿಯಾಗೇ ಕಾಣುತ್ತದೆ. ಆದರೆ ಅಲ್ಲಿರುವುದು ಅರ್ಕಾವತ್ತು ಅಲ್ಲ, ಕನ್ನಡದ ಒಂಬತ್ತು. ಕಂಪ್ಯೂಟರಿನ ಮಟ್ಟಿಗೆ ಅದು "ಅಧ ಒಂಬತ್ತು ಕೆ.ಜಿ."! ಅದೇ ಪೊಟ್ಟಣದಲ್ಲಿ "ಉ೦ಡೆ ಬೆಲ್ಲ" ಅಂತಲೂ ಇದೆ. ಅನುಸ್ವಾರದ ಜಾಗದಲ್ಲಿ ಸೊನ್ನೆ. ರೂಪ ಒಂದೇ ಥರ ಇರುವುದರಿಂದ ಡಿ.ಟಿ.ಪಿ. ಮಾಡುವವರು ಯಾವ ಕೀಲಿ ಕೈಗೆ ಸಿಕ್ಕಿತೋ ಅದನ್ನು ಒತ್ತುತ್ತಾರೆ. ಅವಳು ಇಂಥ ಮೂವತ್ತು ಉದಾಹರಣೆ ಕೂಡಿಟ್ಟು "ತಪ್ಪುಗಳು" ಅಂತ ತಲೆಬರಹ ಕೊಟ್ಟಿದ್ದಾಳೆ. ನಾನು ಆ ತಲೆಬರಹ ಒಪ್ಪುವುದಿಲ್ಲ. ಶಾಸನದಲ್ಲಿ ರೇಫೆಯ ಮುಂದಿನ ವ್ಯಂಜನ ಇಮ್ಮಡಿಸಿ "ಧರ್ಮ್ಮ" ಅಂತ ಇದ್ದರೆ ನಾವು ಅದನ್ನು ತಪ್ಪು ಅನ್ನುತ್ತೇವೆಯೇ? ಅಂದಿನ ಬರವಣಿಗೆಯ ಪದ್ಧತಿ ಅನ್ನುತ್ತೇವೆ. ಪದದ ಮೊದಲ ಪಕಾರ ಹಕಾರವಾದದ್ದು, ೞಕಾರ ಹೋಗಿ ಳಕಾರ ಬಂದದ್ದು, ಇವೆಲ್ಲ ಶಾಸನದ ಕಾಲ ಹೇಳುವ ಗುರುತುಗಳು. ಹಾಗೇ, ಕುಂಚದಲ್ಲಿ ಬರೆಯುವವನ ಕೈಯಲ್ಲಿ ಒಂಬತ್ತೂ ಅರ್ಕಾವತ್ತೂ ಬೆರೆಯುವ ಪ್ರಶ್ನೆಯೇ ಇಲ್ಲ, ಎರಡೂ ಒಂದೇ ಗೆರೆ. ಕೀಲಿಮಣೆ ಬಂದ ಮೇಲೆ ಹುಟ್ಟಿದ ಗೊಂದಲ ಇದು. ಅಂದರೆ ಆ ಬೆಲ್ಲದ ಪೊಟ್ಟಣ ತನ್ನ ಕಾಲವನ್ನು ತಾನೇ ಹೇಳುತ್ತಿದೆ. ಆ ಪುಟಕ್ಕೆ "ಕಾಲಸೂಚಕಗಳು" ಅಂತ ಹೆಸರಿಡು ಅಂದೆ. ತಲೆ ಆಡಿಸಿದಳು, ಬದಲಿಸುತ್ತಾಳೋ ನೋಡಬೇಕು.

ಈಗ ಜಗಳಕ್ಕೆ ಬರುತ್ತೇನೆ. ಅವಳೂ ಸೇರಿ ಈಗಿನ ಬಹಳಷ್ಟು ಅಕ್ಷರಪ್ರೇಮಿಗಳು ಫೋಟೋ ತೆಗೆಯುವ ರೀತಿಯ ಬಗ್ಗೆಯೇ ನನ್ನ ತಕರಾರು. ಚಂದದ ಒಂದು "ಕ್ಷ" ಕಂಡರೆ ಅದಷ್ಟನ್ನೇ ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಸುತ್ತಲಿನ ಬೋರ್ಡು ಇಲ್ಲ, ಗೋಡೆ ಇಲ್ಲ, ಬೀದಿ ಇಲ್ಲ. ಬಿ.ಎಲ್. ರೈಸ್ 1886ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಮೊದಲ ಸಂಪುಟ ತಂದಾಗ, ಪ್ರತಿ ಶಾಸನಕ್ಕೂ ತಾಲೂಕು, ಊರು, ಕಲ್ಲು ಎಲ್ಲಿದೆ, ಉದ್ದಗಲ ಎಷ್ಟು ಅಂತ ಹಾಕಿದರು. ಆ ಒಣ ಸಾಲು ಇರುವುದರಿಂದಲೇ ಕಲ್ಲು ಕಳೆದುಹೋದ ಊರಿಗೂ ಇವತ್ತು ನಾವು ಹೋಗಿ "ಇಲ್ಲಿ ಒಂದು ಕಲ್ಲಿತ್ತಲ್ಲ" ಅಂತ ಕೇಳಬಹುದು. ಇವಳ ನಾನೂರು ಫೋಟೋದಲ್ಲಿ ಜಾಗ ಬರೆದಿರುವುದು ನಲವತ್ತಕ್ಕೂ ಇಲ್ಲ. ಸಂತೆಪೇಟೆಯದೋ ಅಶೋಕ ರಸ್ತೆಯದೋ ಅಂತ ಕೇಳಿದರೆ "ಎಲ್ಲೋ ಆ ಕಡೆ ಅಂಕಲ್" ಅನ್ನುತ್ತಾಳೆ.

ಕತ್ತರಿಸುವಾಗ ಹೋಗುವ ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಕುಂಚದಲ್ಲಿ ಬರೆದ ಬೋರ್ಡಿನ ಕೆಳಗಡೆ ಬಲಮೂಲೆಯಲ್ಲಿ, "ಆರ್ಟ್ಸ್" ಅಂತ ಕೊನೆಯಾಗುವ ಪುಟ್ಟ ಹೆಸರೊಂದು ಇರುತ್ತದೆ. ಬೋರ್ಡ್ ಬರೆದವನ ರುಜು ಅದು. ನಾನು ಕೂತು ಎಣಿಸಿದೆ: ನಾನೂರು ಚಿಲ್ಲರೆಯಲ್ಲಿ ಆ ಮೂಲೆ ಉಳಿದಿರುವುದು ಹನ್ನೊಂದರಲ್ಲಿ. ಉಳಿದೆಲ್ಲದರಲ್ಲಿ ಅಕ್ಷರ ಇದೆ, ಬರೆದವನು ಇಲ್ಲ. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೆಸರು ಕೆತ್ತಿಕೊಂಡಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಎಷ್ಟೋ ಶಾಸನಗಳ ಕೊನೆಯಲ್ಲಿ ಪಾಠ ರಚಿಸಿದವನು ಯಾರು, ಕಲ್ಲಿನ ಮೇಲೆ ಕಂಡರಿಸಿದ ರೂವಾರಿ ಯಾರು ಅಂತ ಬರುತ್ತದೆ. ರೂವಾರಿ ಅಂದರೆ ಉಳಿ ಹಿಡಿದು ಕೆತ್ತುವವನು. ಈಗ ಪತ್ರಿಕೆಗಳಲ್ಲಿ ಯಾವುದೋ ಯೋಜನೆಯ ರೂವಾರಿ ಅಂತ ಮಂತ್ರಿಗಳಿಗೆ ಆ ಪದ ಕೊಟ್ಟುಬಿಟ್ಟಿದ್ದಾರೆ, ಇರಲಿ. ದಾಸೋಜನ ಹೆಸರು ಇಲ್ಲದಂತೆ ಮದನಿಕೆಯ ಮುಖ ಮಾತ್ರ ಕತ್ತರಿಸಿ ಇಟ್ಟುಕೊಂಡರೆ ನಾವು ಬೈಯುವುದಿಲ್ಲವೇ? ಬೋರ್ಡು ಬರೆದವನಿಗೆ ಬೇರೆ ನ್ಯಾಯ ಯಾಕೆ?

ಪೇಂಟರುಗಳ ಕೆಲಸದ ಕ್ರಮವೂ ರೂವಾರಿಗಳದಕ್ಕೆ ಹತ್ತಿರವೇ. ಸುಣ್ಣದ ಪುಡಿ ಹಚ್ಚಿದ ದಾರ ಎಳೆದು ಚಿಮ್ಮಿಸಿ ಗೆರೆ ಮೂಡಿಸಿಕೊಂಡು ಅದರ ಮೇಲೆ ಬರೆಯುತ್ತಿದ್ದರು. ಹೊಯ್ಸಳರ ಕಾಲದ ಅನೇಕ ಕಲ್ಲುಗಳಲ್ಲಿ ಸಾಲುಗಳ ನಡುವೆ ಕೊರೆದ ಗೆರೆ ಇವತ್ತಿಗೂ ಕಾಣುತ್ತದಲ್ಲ, ಅದೇ ಲೆಕ್ಕ. ಜಾಗ ಸಾಲದೆ ಬಂದಾಗ ಕೊನೆಯ ಅಕ್ಷರಗಳನ್ನು ಒತ್ತಿ ಒತ್ತಿ ಸೇರಿಸುವುದೂ ಎರಡು ಕಡೆಯೂ ಇದೆ. ಕನ್ನಡದ ಕಷ್ಟ ಒತ್ತಕ್ಷರ. ಸಾಲಿನ ಕೆಳಗೆ ಇನ್ನರ್ಧ ಸಾಲು ಬೇಡುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳು ಕೊಟ್ಟ ಎತ್ತರವನ್ನು ಪೂರ್ತಿ ತುಂಬುತ್ತವೆ, ಅದೇ ಎತ್ತರದಲ್ಲಿ ಒತ್ತಿರುವ ಕನ್ನಡ ಪದ ಕುಗ್ಗಿ ಕೂರುತ್ತದೆ. ಕುಂಚ ಹಿಡಿದವನು ಒತ್ತನ್ನು ಪಕ್ಕಕ್ಕೆ ಎಳೆದೋ, ಮುಂದಿನ ಅಕ್ಷರದ ಹೊಟ್ಟೆಯ ಕೆಳಗೆ ತೂರಿಸಿಯೋ ದಾರಿ ಮಾಡಿಕೊಳ್ಳುತ್ತಿದ್ದ. ಫ್ಲೆಕ್ಸ್ ಅಂಗಡಿಯವನು ಇಡೀ ಪದವನ್ನು ಚಪ್ಪಟೆ ಮಾಡುತ್ತಾನೆ. 2016ರಲ್ಲಿ ರಾಜ್ಯ ಸರ್ಕಾರ ಫ್ಲೆಕ್ಸ್ ನಿಷೇಧಿಸಿತು ಅನ್ನುವುದು ನಮ್ಮ ಬೀದಿ ನೋಡಿದರೆ ಗೊತ್ತಾಗುವುದಿಲ್ಲ. 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಒಳ್ಳೆಯದೇ. ಈಗ ಬೋರ್ಡಿನ ಮೇಲರ್ಧದಲ್ಲಿ ಹಿಂಜಿ ಎಳೆದ ಕನ್ನಡ, ಕೆಳಗೆ ನೆಟ್ಟಗೆ ಕೂತ ಇಂಗ್ಲಿಷು. ಟೇಪಿನ ಅಳತೆಗೆ ಪಾಸು.

ಇನ್ನು ಇವಳದೇ ಕೆಲಸಗಳ ವಿಚಾರ. ಪುಸ್ತಿಕೆಯ ಕೊನೆಯಲ್ಲಿ ತನ್ನ ಕೆಲವು ಲೇಬಲ್ಲುಗಳನ್ನೂ ಸೇರಿಸಿದ್ದಾಳೆ. ಅದರಲ್ಲೊಂದು ಕಾಫಿಪುಡಿ ಪೊಟ್ಟಣ, "ಶಾಸನ ಶೈಲಿ"ಯದು. ಹಿಂದೆ ಕಲ್ಲಿನ ಬಣ್ಣ, ಮುಂದೆ ಉಳಿಯಲ್ಲಿ ಕೊರೆದಂಥ ಅಕ್ಷರ. ಮಾರುಕಟ್ಟೆಯಲ್ಲಿ ಈಗ ಇಂಥವು ಬಹಳ. ಆದರೆ ಅಕ್ಷರದ ತಲೆ ನೋಡಿದರೆ ಕದಂಬರ ಕಾಲದ ಪೆಟ್ಟಿಗೆತಲೆ, ಬಾಲ ನೋಡಿದರೆ ಹೊಯ್ಸಳರ ಬಳ್ಳಿ, ಒತ್ತು ನೋಡಿದರೆ ಶಾಲಾ ಪಠ್ಯಪುಸ್ತಕದ್ದು. ಒಂದೂವರೆ ಸಾವಿರ ವರ್ಷ ಒಂದೇ ಪದದಲ್ಲಿ! ಅಲಂಕಾರಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಹಲ್ಮಿಡಿಯ ಅಕ್ಷರ ಹಾಗೆ ಕಾಣುವುದು ಅಂದಿನ ಉಪಕರಣ, ಅಂದಿನ ಕೈ, ಅಂದಿನ ಓದುಗ, ಮೂರರಿಂದಲೂ. ಅದರ ಒಂದು ಮೊಳೆ ಕಿತ್ತು ಇಲ್ಲಿ ಹೊಡೆದರೆ ಹಳತಾಗುವುದಿಲ್ಲ. ಅವಳ ಡಬ್ಬಿಯಲ್ಲೇ ಇರುವ ನಂಜನಗೂಡು ಹಲ್ಲುಪುಡಿಯ ಪೊಟ್ಟಣ ನೋಡಿ. ಬಿ.ವಿ. ಪಂಡಿತರು 1913ರಲ್ಲಿ ಕಟ್ಟಿದ ಸದ್ವೈದ್ಯಶಾಲೆಯದು. ಅದು ಹಳತಾಗಿ ಕಾಣಲು ಏನೂ ಪ್ರಯತ್ನ ಮಾಡುವುದಿಲ್ಲ. ಮನೆಯ ಅಜ್ಜಿ ಕನ್ನಡಕ ಇಲ್ಲದೆ ಗುರುತು ಹಿಡಿಯುತ್ತಾಳೆ.

ನಂಜನಗೂಡಿನ ಮಾತು ಬಂತಲ್ಲ, ನನ್ನ ಎಡವಟ್ಟೂ ಹೇಳಿಬಿಡುತ್ತೇನೆ. ರಸಬಾಳೆ ಬೆಳೆಯುವವರೊಬ್ಬರಿಗೆ ಲೇಬಲ್ ಮಾಡುವಾಗ ಅವಳು ನನ್ನ ಕೇಳಿದಳು. ಹಳಗನ್ನಡದಲ್ಲಿ ಅದು "ಬಾೞೆ", ೞಕಾರ ಹಾಕು ಅಂತ ಉತ್ಸಾಹದಲ್ಲಿ ಹೇಳಿದೆ. ಅವಳ ಫಾಂಟಿನಲ್ಲಿ ಅಕ್ಷರವೇ ಇಲ್ಲ, ಖಾಲಿ ಚೌಕ ಬಂತು. ಯೂನಿಕೋಡಿನಲ್ಲಿ ಜಾಗ ಇದೆ, ಆದರೆ ಅಲ್ಲಿ ಅದರ ಅಧಿಕೃತ ಹೆಸರು "ಕನ್ನಡ ಲೆಟರ್ ಎಫ್ಎ". ಫಕಾರ! ಸಾವಿರ ವರ್ಷ ಕಲ್ಲಿನಲ್ಲಿ ನಿಂತ ಅಕ್ಷರಕ್ಕೆ ಯಾರೋ ಕಣ್ತಪ್ಪಿನಿಂದ ಇಟ್ಟ ಹೆಸರು. ಒಮ್ಮೆ ಇಟ್ಟ ಹೆಸರು ಬದಲಿಸಬಾರದೆಂಬ ನಿಯಮ ಇರುವುದರಿಂದ, ಪಕ್ಕದಲ್ಲಿ ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಸೇರಿಸಿದ್ದಾರೆ, ತಾಮ್ರಶಾಸನದಲ್ಲಿ ಬಿಟ್ಟುಹೋದ ಅಕ್ಷರವನ್ನು ಸಾಲಿನ ಕೆಳಗೆ ಸೇರಿಸಿದ ಹಾಗೆ. ಕೊನೆಗೆ ೞಕಾರ ಇರುವ ಬೇರೆ ಫಾಂಟು ಹುಡುಕಿ ಲೇಬಲ್ ಮಾಡಿದಳು. ರೈತರು ನೋಡಿ "ಇದೇನಮ್ಮ, ರಸಬಾ ಆದ್ಮೇಲೆ ಏನು?" ಅಂದರಂತೆ. ಅವರ ಪ್ರಶ್ನೆಯೇ ಸರಿ. ಬೀದಿಯಲ್ಲಿ ಓದಲಾಗದ ಲೇಬಲ್ಲು ನನ್ನಂಥವನ ಶೋಕಿ. ಅವಳು ಳಕಾರಕ್ಕೆ ಮರಳಿದಳು, ಒಳ್ಳೆಯದಾಯಿತು.

ಇಷ್ಟೆಲ್ಲ ಉಪದೇಶ ಮಾಡಿ ಮುಗಿಸಿದ ದಿನ ನಮ್ಮ ಹಿತ್ತಲಿನಲ್ಲಿ ಟೀ ಕುಡಿಯುತ್ತ ಕೂತಿದ್ದೆವು. ಸಂಪಿನ ಮುಚ್ಚಳ ಮುರಿದು ಎಷ್ಟೋ ಕಾಲವಾಗಿದೆ, ಮೇಲೊಂದು ತಗಡು ಬೋರಲು ಹಾಕಿದ್ದೇವೆ. ಅವಳು ಬಗ್ಗಿ ನೋಡಿ "ಅಂಕಲ್, ಇದರ ಅಡಿಗೆ ಏನೋ ಬರೆದಿದೆ" ಅಂದಳು. ತಿರುಗಿಸಿದೆವು. ನಮ್ಮಪ್ಪನ ಅಂಗಡಿಯ ಬೋರ್ಡು. 1986ರಲ್ಲಿ ಇದೇ ಬಡಾವಣೆಯಲ್ಲಿ ತೆರೆದ ಅಂಗಡಿ, 2004ರಲ್ಲಿ ಮುಚ್ಚಿತು. ಬೋರ್ಡನ್ನು ಇಳಿಸಿ ತಂದವನು ನಾನೇ, ಸಂಪಿನ ಮೇಲೆ ಬೋರಲು ಹಾಕಿದವನೂ ನಾನೇ. ಊರೂರಿನಲ್ಲಿ ವೀರಗಲ್ಲನ್ನು ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡವರಿಗೆ ನಾನು ಎಷ್ಟು ಬುದ್ಧಿ ಹೇಳಿದ್ದೇನೆ ಅನ್ನುವುದು ನನ್ನ ಜೊತೆ ತಿರುಗಿದವರಿಗೆ ಗೊತ್ತು. ಅವಳು ಏನೂ ಅನ್ನಲಿಲ್ಲ. ಫೋನು ತೆಗೆದು, ಈ ಸಲ ಪೂರ್ತಿ ತಗಡು ಬರುವ ಹಾಗೆ ಹಿಂದೆ ಸರಿದು ನಿಂತಳು.

ಅಪ್ಪ ಹೋಗಿ ಆರು ವರ್ಷ. ಬೋರ್ಡು ಬರೆಯುವಾಗ ನನಗೆ ಏಳು ವರ್ಷ, ಏಣಿ ಹಿಡಿದುಕೊಳ್ಳಲು ನನ್ನ ನಿಲ್ಲಿಸಿದ್ದರು. ಪೇಂಟರು "ಸ್ಟೋರ್ಸ್" ಬರೆದು ಕೊನೆಗೆ ಅರ್ಕಾವತ್ತಿನ ಬಾಲವನ್ನು ಒಂದೇ ಉಸಿರಿಗೆ ಸುರುಳಿ ಸುತ್ತಿ ಎಳೆದದ್ದು ನೆನಪಿದೆ. ಅವರ ಮುಖ ನೆನಪಿಲ್ಲ. ಅಪ್ಪನಿಗೆ ಅವರ ಹೆಸರು ಗೊತ್ತಿತ್ತು, ನಾನು ಯಾವತ್ತೂ ಕೇಳಲಿಲ್ಲ.

ರೈಸರ ಕ್ರಮದಲ್ಲೇ ದಾಖಲಿಸುತ್ತೇನೆ. ಮೈಸೂರು ತಾಲೂಕು, ವಿಜಯನಗರ. ಮನೆಯ ಹಿತ್ತಲಿನ ಸಂಪಿನ ಮೇಲೆ ಬೋರಲು ಹಾಕಿದ ತಗಡು. ಪ್ರಮಾಣ 5' × 2½'. ಹಳದಿ ನೆಲದ ಮೇಲೆ ಕೆಂಪು ಎನಾಮೆಲ್, ಕಪ್ಪು ನೆರಳು. ಎಡಗಡೆ ಮೂರು ಸಾಲು ಚೆನ್ನಾಗಿದೆ, ಬಲಗಡೆ ಕೆಳಭಾಗ ತುಕ್ಕು ಹಿಡಿದಿದೆ. ಒಂದನೇ ಸಾಲು: ಶ್ರೀ ನಂಜುಂ . . . . . ಎರಡನೇ ಸಾಲು: ಪ್ರಾವಿಜನ್ ಸ್ಟೋರ್ಸ್. ಮೂರನೇ ಸಾಲು: ದಿನಸಿ, ಬೇಳೆಕಾಳು, ಪೂಜಾ ಸಾಮಾ . . . ಬಲಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ: . . . ಜು ಆರ್ಟ್ಸ್, ಮೈ . . .

"ಜು"ವಿನ ಹಿಂದೆ ಎರಡು ಅಕ್ಷರದಷ್ಟು ಜಾಗ ಇದೆ. ರಾಜು ಇರಬಹುದು, ನಾಗರಾಜು ಅನ್ನಲು ಜಾಗ ಸಾಲದು, ಆದರೆ ಒತ್ತಿ ಬರೆದಿದ್ದರೆ ಹೇಳಲಾಗದು. 1986ರ ಸುಮಾರಿಗೆ ವಿಜಯನಗರ, ಹಿನಕಲ್, ಒಂಟಿಕೊಪ್ಪಲು ಕಡೆ ಬೋರ್ಡು ಬರೆಯುತ್ತಿದ್ದವರನ್ನು ಬಲ್ಲವರು ಯಾರಾದರೂ ಇದ್ದರೆ, ಅರ್ಕಾವತ್ತಿನ ಬಾಲ ನೋಡಿಯೇ ಕೈ ಗುರುತಿಸಬಹುದು. ತಿಳಿಸಿ. ಸಂಪಿಗೆ ನಿನ್ನೆ ಕಡಪಾ ಕಲ್ಲು ಹಾಕಿಸಿದೆ, ಎರಡೂ ಮಗ್ಗುಲು ತಿರುಗಿಸಿ ನೋಡಿಯೇ.