ಕೊಂಡವನೂ ಕಳ್ಳನೇ?

ಅಂಗಡಿಯಲ್ಲಿ ಪೂರ್ತಿ ಹಣ ತೆತ್ತು ತಂದ ಸಿನಿಮಾ ಡಿವಿಡಿಯನ್ನು ಪ್ಲೇಯರಿಗೆ ಹಾಕಿದಾಗ ಪರದೆಯ ಮೇಲೆ ಮೊದಲು ಮೂಡುವುದು ಹೆಚ್ಚಾಗಿ ಚಿತ್ರವಲ್ಲ, ಎಚ್ಚರಿಕೆ. ನಕಲು ಮಾಡುವುದು ಅಪರಾಧ, ಜೈಲು ಉಂಟು, ದಂಡ ಉಂಟು ಎಂಬ ಎಚ್ಚರಿಕೆ. ಎಷ್ಟೋ ಡಿಸ್ಕ್‌ಗಳಲ್ಲಿ ಅದನ್ನು ದಾಟಿಸಿ ಮುಂದಕ್ಕೆ ಹೋಗಲೂ ರಿಮೋಟಿಗೆ ಅವಕಾಶವಿಲ್ಲ. 2004ರಲ್ಲಿ ಹಾಲಿವುಡ್ ನಿರ್ಮಾಪಕರ ಒಕ್ಕೂಟ ಹೊರತಂದ ಜಾಹೀರಾತೊಂದು ಚಿತ್ರದ ಕಳ್ಳ ನಕಲನ್ನು ಕಾರು ಕದಿಯುವುದಕ್ಕೆ ಸಮನೆಂದು ಸಾರಿತ್ತು. ವಿಪರ್ಯಾಸವೆಂದರೆ, ಈ ಉಪದೇಶವನ್ನು ಕುಳಿತು ಕೇಳಬೇಕಾದವನು ಪ್ರಾಮಾಣಿಕವಾಗಿ ಹಣ ಕೊಟ್ಟವನೇ. ಕಳ್ಳ ನಕಲು ತಯಾರಿಸುವವನು ಅದನ್ನು ಕತ್ತರಿಸಿ ಬಿಸಾಡುತ್ತಿದ್ದ.

ಕಳ್ಳ ಡಿಸ್ಕ್ ಮಾರುವವರ ಪರವಾಗಿ ವಾದಿಸುವುದು ನಮ್ಮ ಉದ್ದೇಶವಲ್ಲ. ನಮ್ಮ ಪ್ರಶ್ನೆ ಬೇರೆ. ಹಣ ಕೊಟ್ಟು ಕೊಂಡ ಡಿಸ್ಕಿನಲ್ಲಿರುವ ಚಿತ್ರವನ್ನು ತನ್ನದೇ ಕಂಪ್ಯೂಟರಿಗೋ ಮೊಬೈಲಿಗೋ ಇಳಿಸಿಕೊಂಡು ತಾನೇ ನೋಡುವವನು ಕಳ್ಳನೇ?

ಪ್ರಶ್ನೆ ಹಳೆಯದು, ಆದರೆ ಇಂದು ಹೆಚ್ಚು ತುರ್ತಿನದು. 2007ರ ಸುಮಾರಿಗೆ ಮೋಸರ್ ಬೇರ್ ಕಂಪೆನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿದಾಗ ಸಾಮಾನ್ಯ ಕುಟುಂಬಗಳೂ ಕಳ್ಳ ನಕಲನ್ನು ಬಿಟ್ಟು ಅಸಲಿ ಡಿಸ್ಕ್ ಕೊಳ್ಳಲು ಸಾಧ್ಯವಾಯಿತು. ಆ ಕಂಪೆನಿ 2018ರಲ್ಲಿ ಸಮಾಪನಕ್ಕೆ ಹೋಯಿತು. ಡಿಸ್ಕ್‌ಗಳು ಕಪಾಟಿನಲ್ಲಿ ಉಳಿದಿವೆ. ಪ್ಲೇಯರ್ ಕೆಟ್ಟರೆ ರಿಪೇರಿ ಮಾಡುವವರು ಸಿಗುವುದು ಕಷ್ಟ, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಗೀರು ಬಿದ್ದರಂತೂ ಮುಗಿಯಿತು. ಹಾಗಾದರೆ ಕೊಂಡದ್ದು ಏನನ್ನು? ಚಿತ್ರವನ್ನೋ, ಹನ್ನೆರಡು ಸೆಂಟಿಮೀಟರಿನ ಪ್ಲಾಸ್ಟಿಕ್ ತಟ್ಟೆಯನ್ನೋ?

ಡಿವಿಡಿ ತಯಾರಕರು ಅದಕ್ಕೆ ಮೊದಲಿನಿಂದಲೂ ಎರಡು ಬೀಗ ಹಾಕಿದ್ದರು. ಒಂದು, ಚಿತ್ರವನ್ನು ಗೂಢಲಿಪಿಯಲ್ಲಿ ಅಡಗಿಸುವ ಸಿಎಸ್‌ಎಸ್ ಎಂಬ ವ್ಯವಸ್ಥೆ. ಅದರ ಕೀಲಿ ಪರವಾನಗಿ ಪಡೆದ ಪ್ಲೇಯರ್‌ಗಳ ಬಳಿ ಮಾತ್ರ. ಇನ್ನೊಂದು, ಜಗತ್ತನ್ನು ಆರು ಮಾರುಕಟ್ಟೆಗಳಾಗಿ ಹಂಚಿದ ವಲಯ ಸಂಖ್ಯೆ. ಕೊಲ್ಲಿ ರಾಷ್ಟ್ರಗಳು 2ನೇ ವಲಯಕ್ಕೆ ಸೇರಿದರೆ ಭಾರತ 5ನೇ ವಲಯಕ್ಕೆ. ದುಬೈಯಲ್ಲೋ ಜಿದ್ದಾದಲ್ಲೋ ದುಡಿಯುವ ಕರಾವಳಿಯ ಯುವಕ 'ದಿ ಮೆಸೇಜ್' ಚಿತ್ರದ ಡಿಸ್ಕನ್ನು ಮನೆಯವರಿಗೆಂದು ಅಲ್ಲಿಂದ ಕೊಂಡು ತಂದರೆ, ನಿಯಮದಂತೆ ತಯಾರಾದ ಇಲ್ಲಿನ ಪ್ಲೇಯರ್ ಆ ವಲಯದ ಡಿಸ್ಕನ್ನು ಓದಲು ನಿರಾಕರಿಸುತ್ತದೆ. ಕಳ್ಳತನ ತಡೆಯುವುದಕ್ಕೂ ಇದಕ್ಕೂ ಏನು ಸಂಬಂಧ? ಇದು ವ್ಯಾಪಾರಿಯ ಅನುಕೂಲಕ್ಕಾಗಿ ಹಾಕಿದ ಬೇಲಿ.

ಈ ಬೀಗವನ್ನು ಮೊದಲು ಪ್ರಶ್ನಿಸಿದವರಲ್ಲಿ ನಾರ್ವೆಯ ಹದಿಹರೆಯದ ಹುಡುಗನೊಬ್ಬನಿದ್ದ. ಲಿನಕ್ಸ್ ಕಂಪ್ಯೂಟರಿನಲ್ಲಿ ಡಿವಿಡಿ ನೋಡಲು ಪರವಾನಗಿ ಪಡೆದ ಸಾಧನವೇ ಇರಲಿಲ್ಲ. 1999ರಲ್ಲಿ, ಹದಿನೈದರ ವಯಸ್ಸಿನ ಯೋನ್ ಲೆಕ್ ಯೋಹಾನ್ಸೆನ್ ಇತರರೊಂದಿಗೆ ಸೇರಿ ಸಿಎಸ್‌ಎಸ್ ಬೀಗ ತೆಗೆಯುವ ಪುಟ್ಟ ಪ್ರೋಗ್ರಾಮೊಂದನ್ನು ಹೊರತಂದ. 2000ದ ಜನವರಿಯಲ್ಲಿ ಪೊಲೀಸರು ಅವನ ಮನೆಗೆ ಬಂದರು, ಮುಂದೆ ಮೊಕದ್ದಮೆ ನಡೆಯಿತು. 2003ರ ಜನವರಿಯಲ್ಲಿ ಓಸ್ಲೋದ ನ್ಯಾಯಾಲಯ ಅವನನ್ನು ಖುಲಾಸೆಗೊಳಿಸಿತು, ಅದೇ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ತೀರ್ಪಿನ ಸಾರ ಸರಳ: ತಾನು ಕೊಂಡ ವಸ್ತುವಿನ ಬಾಗಿಲನ್ನು ತಾನೇ ತೆರೆದರೆ ಅದು ಕನ್ನ ಹಾಕಿದಂತಲ್ಲ.

ಅಮೆರಿಕದ ದಾರಿ ಬೇರೆ. ಅಲ್ಲಿ 1998ರ ಕಾನೂನು ಬೀಗ ತೆಗೆಯುವ ಸಾಧನವನ್ನೇ ನಿಷೇಧಿಸಿತು. ಕೊಂಡ ಡಿವಿಡಿಯನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಲು ನೆರವಾಗುವ 'ರಿಯಲ್ ಡಿವಿಡಿ' ಎಂಬ ಸಾಫ್ಟ್‌ವೇರಿನ ಮಾರಾಟಕ್ಕೆ 2009ರಲ್ಲಿ ನ್ಯಾಯಾಲಯ ತಡೆಯೊಡ್ಡಿತು. ತನ್ನ ಡಿಸ್ಕಿನ ನಕಲನ್ನು ತಾನಿಟ್ಟುಕೊಳ್ಳುವುದು ನ್ಯಾಯೋಚಿತ ಬಳಕೆ ಆಗಿರಬಹುದು, ಆದರೆ ಅದಕ್ಕೆ ಬೇಕಾದ ಸಾಧನ ತಯಾರಿಸಿ ಮಾರುವುದು ಕಾನೂನುಬಾಹಿರ ಎಂಬುದು ಆ ಆದೇಶದ ತಾತ್ಪರ್ಯ. ಬಾವಿ ನಿಮ್ಮದೇ, ನೀರೂ ನಿಮ್ಮದೇ, ಆದರೆ ಹಗ್ಗ ಮಾರುವುದು ಮಾತ್ರ ಅಪರಾಧ ಎಂದಂತಾಯಿತು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಹೆಚ್ಚು ವಿವೇಕ ತೋರಿದೆ ಎಂಬುದನ್ನು ಮೆಚ್ಚಲೇಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಖಾಸಗಿ ಬಳಕೆಯ ವಿನಾಯಿತಿ ಸಾಹಿತ್ಯ, ನಾಟಕ, ಸಂಗೀತ ಮತ್ತು ಕಲಾಕೃತಿಗಳಿಗಷ್ಟೇ ಇತ್ತು. 2012ರ ತಿದ್ದುಪಡಿ ಅದನ್ನು ಕಂಪ್ಯೂಟರ್ ಪ್ರೋಗ್ರಾಮ್ ಒಂದನ್ನು ಬಿಟ್ಟು ಎಲ್ಲ ಕೃತಿಗಳಿಗೆ, ಅಂದರೆ ಸಿನಿಮಾಕ್ಕೂ, ವಿಸ್ತರಿಸಿತು. ಅದೇ ತಿದ್ದುಪಡಿ ತಂದ 65ಎ ಕಲಮು ಬೀಗ ಮುರಿಯುವವನಿಗೆ ಎರಡು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಆದರೆ ಅದು ಶಿಕ್ಷಿಸುವುದು ಹಕ್ಕುದಾರನ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದವನನ್ನು ಮಾತ್ರ. ಕಾಯ್ದೆ ನಿಷೇಧಿಸದ ಉದ್ದೇಶಕ್ಕಾಗಿ ಬೀಗ ತೆಗೆದರೆ ಅದು ಅಪರಾಧವಲ್ಲ. ಇನ್ನೊಬ್ಬರಿಗಾಗಿ ಬೀಗ ತೆಗೆದುಕೊಡುವವನು ಅವರ ಹೆಸರು, ವಿಳಾಸ, ಉದ್ದೇಶವನ್ನು ದಾಖಲಿಸಿಡಬೇಕು ಎಂಬ ಷರತ್ತೂ ಇದೆ. 'ನ್ಯಾಯೋಚಿತ' ಬಳಕೆಯ ಗಡಿ ಎಲ್ಲಿದೆ ಎಂಬುದನ್ನು ಆಯಾ ಪ್ರಕರಣ ನೋಡಿ ನ್ಯಾಯಾಲಯವೇ ಹೇಳಬೇಕು, ನಿಜ. ಆದರೂ ಕರ್ಮಕ್ಕಿಂತ ಮೊದಲು ಉದ್ದೇಶವನ್ನು ನೋಡುವ ಈ ಕಾನೂನು, 'ನಿಯ್ಯತ್' ಎಂಬ ಪದವನ್ನು ಬಲ್ಲ ನಮಗೆ ಅಪರಿಚಿತವಾಗಬೇಕಿಲ್ಲ. ಡಿಸ್ಕಿನ ಎಚ್ಚರಿಕೆಯ ಫಲಕ ಮಾತ್ರ ಈ ವ್ಯತ್ಯಾಸದ ಬಗ್ಗೆ ಒಂದಕ್ಷರ ಹೇಳುವುದಿಲ್ಲ. ನಮ್ಮ ಆಕ್ಷೇಪ ಇರುವುದು ಇಲ್ಲಿ. ಗ್ರಾಹಕನ ಕರ್ತವ್ಯವನ್ನು ದಪ್ಪಕ್ಷರದಲ್ಲಿ ಹೇಳಿ ಅವನ ಹಕ್ಕನ್ನು ಮರೆಮಾಚುವುದು ಅರ್ಧ ಸತ್ಯ.

ಈಗ ನಮ್ಮ ಕಡೆಗೂ ನೋಡೋಣ. 'ಇಲ್ಮ್, ಕಲೆ ಎಲ್ಲವೂ ಅಲ್ಲಾಹನದ್ದು, ನಕಲಿಗೆ ಎಲ್ಲಿಯ ನಿಷೇಧ' ಎಂದು ವಾದಿಸುವವರು ನಮ್ಮ ನಡುವೆ ಇದ್ದಾರೆ. 1988ರಲ್ಲಿ ಕುವೈತಿನಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಕೃತಿಕಾರನ ಹಕ್ಕು ಶರೀಅತ್ ರಕ್ಷಿಸುವ ಹಕ್ಕು, ಅದನ್ನು ಅತಿಕ್ರಮಿಸುವಂತಿಲ್ಲ ಎಂದು ನಿರ್ಣಯಿಸಿದೆ. ಚಿತ್ರವೊಂದರ ಹಿಂದೆ ಬೆಳಕು ಹಿಡಿದವನಿಂದ ಹಿಡಿದು ನಟನವರೆಗೆ ನೂರಾರು ಜನರ ದುಡಿಮೆ ಇರುತ್ತದೆ. ಅವರ ಕೂಲಿಯನ್ನು ತಪ್ಪಿಸುವುದು ಹಕ್ಕುಲ್ ಇಬಾದ್‌ಗೆ, ಅಂದರೆ ಮನುಷ್ಯರ ಹಕ್ಕಿಗೆ, ಮಾಡುವ ದ್ರೋಹ.

ಆದ್ದರಿಂದ ಗೆರೆ ಸ್ಪಷ್ಟವಿರಬೇಕು. ಕೊಂಡ ಡಿಸ್ಕನ್ನು ನನ್ನ ಮೊಬೈಲಿಗೆ ಇಳಿಸಿಕೊಳ್ಳುವುದು ಒಂದು, ಅದನ್ನು ಪೆನ್‌ಡ್ರೈವಿಗೆ ತುಂಬಿ ಊರಿಗೆಲ್ಲ ಹಂಚುವುದು ಇನ್ನೊಂದು. ಬಾಡಿಗೆಗೆ ತಂದ ಡಿಸ್ಕಿನ ನಕಲು ತೆಗೆದು ಹಿಂದಿರುಗಿಸುವುದು, ನಕಲನ್ನು ಇಟ್ಟುಕೊಂಡು ಅಸಲನ್ನು ಮಾರಿಬಿಡುವುದು ನಮ್ಮ ದೃಷ್ಟಿಯಲ್ಲಿ ಖಾಸಗಿ ಬಳಕೆ ಅಲ್ಲ. ಹಣ ಒಂದಕ್ಕೆ ಕೊಟ್ಟು ಲಾಭ ಎರಡು ಪಡೆದಂತೆ. ಬೀಗ ತೆಗೆಯುವ ಹಕ್ಕು ನಮ್ಮ ಕೈಗೆ ಬಂದರೆ ಅದರೊಂದಿಗೆ ಅಮಾನತ್ತೂ ಬರುತ್ತದೆ.

ಕೊಳ್ಳುವಾಗ ತುಂಬ ಅಳೆದುಕೊಂಡು ಕೊಡುವಾಗ ಕಡಿಮೆ ಅಳೆಯುವವರ ಬಗ್ಗೆ ಕುರ್‌ಆನ್ ನೀಡಿದ ಎಚ್ಚರಿಕೆ ಎಲ್ಲರಿಗೂ ತಿಳಿದದ್ದೇ. ಅದು ತಕ್ಕಡಿಯ ಎರಡೂ ಬದಿಗೆ ಅನ್ವಯಿಸುತ್ತದೆ. ಪೂರ್ತಿ ಬೆಲೆ ಪಡೆದು ಅರ್ಧ ಒಡೆತನ ಕೊಡುವ ಕಂಪೆನಿಗೂ, ಒಬ್ಬರ ಬೆಲೆ ಕೊಟ್ಟು ಹತ್ತು ಮನೆಗೆ ಹಂಚುವ ಗ್ರಾಹಕನಿಗೂ. ಚಿತ್ರಗಳು ಈಗ ಡಿಸ್ಕಿನ ಬದಲು ಚಂದಾ ಕಟ್ಟಿದಷ್ಟು ದಿನ ಮಾತ್ರ ನೋಡಲು ಸಿಗುತ್ತಿರುವ ಕಾಲ. ಕೊಂಡದ್ದರ ಮೇಲೆ ಕೊಂಡವನಿಗೆ ಏನು ಹಕ್ಕು ಎಂಬುದನ್ನು ಕಪಾಟಿನ ಆ ಹಳೆಯ ಡಿಸ್ಕ್‌ಗಳ ವಿಷಯದಲ್ಲೇ ಇತ್ಯರ್ಥ ಮಾಡಿಕೊಳ್ಳದಿದ್ದರೆ, ಮುಂದಿನ ತಲೆಮಾರಿಗೆ 'ಸ್ವಂತದ್ದು' ಎಂದು ಹೇಳಿಕೊಳ್ಳಲು ಹಾಡೂ ಇರಲಾರದು, ಪುಸ್ತಕವೂ ಇರಲಾರದು.